ಒಂದೇ ಗಾಡಿಯಲ್ಲಿ ನಾನೂ ನನ್ನ ನೆಗೆಣ್ಣಿಯೂ

ಮೊಮ್ಮಗಳು ರೇಖಾ ಇವತ್ತು ಮಂಚದ ಕೆಳಗಿನಿಂದ ವಿಡಿಯೋ ಆಟದ ಡಬ್ಬಿ ಎಳೆದು ಟಿವಿಗೆ ಹಚ್ಚಿದಳು. ಕಾದ ಧೂಳಿನ ವಾಸನೆ ಬಂತು. ಆ ವಾಸನೆಗೆ ನನ್ನ ನೆಗೆಣ್ಣಿ ಕಾಶೀಬಾಯಿಯ ಹಳೆಯ ದನಿ ಕಿವಿಯಲ್ಲಿ ಕೇಳಿದಂತಾಯಿತು. ಆಕೆ ನನ್ನ ಮೈದುನನ ಹೆಂಡತಿ.

ಜೇವರ್ಗಿಯ ನಮ್ಮ ಮನೆ ಪಾಲಾದ ಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಯಾಕೆ ಅಂತ ಕೇಳಬೇಡಿ. ಕೇಳಿದರೆ ಈಗಲೂ ನಾನೇ ಸರಿ ಅನ್ನುತ್ತೇನೆ. ನಡುವೆ ಒಂದೇ ಗೋಡೆ, ಇಬ್ಬರಿಗೂ ಒಂದೇ ನಳ. ಹೇಳುವುದಿದ್ದರೆ ರೇಖಾಳ ಬಾಯಿಂದ. "ನಿಮ್ಮ ಸಣ್ಣ ಆಯಿಗಿ ಹೇಳು, ನೀರು ಬಂದಾವ" ಅನ್ನುತ್ತಿದ್ದೆ. ಸಣ್ಣ ಆಯಿ ಎದುರಿಗೇ ಕೊಡ ಹಿಡಿದು ನಿಂತಿರುತ್ತಿದ್ದಳು.

ಆಟದ ಮೊದಲ ಭಾಗ ನಮಗೆ ಸರಿಹೋಗಿತ್ತು. ಅದರಲ್ಲಿ ಗಾಡಿಗಳಿಗೆ ಬಂದೂಕು ಕಟ್ಟಿರುತ್ತಾರೆ. ಎದುರಿನವರ ಗಾಡಿ ಸುಡಬೇಕು. ಹುಡುಗಿ ಚೇಷ್ಟೆಗೆ ನಮ್ಮಿಬ್ಬರ ಕೈಗೂ ರಿಮೋಟ್ ಕೊಟ್ಟಳು. ಅದರ ಮೇಲಿನ ಇಂಗ್ಲಿಷು ನನಗೆ ತಿಳಿಯಲಿಲ್ಲ, ಗುಂಡಿಯ ಬಣ್ಣ ತಿಳಿಯಿತು. ಕಾಶೀಬಾಯಿಯ ಗಾಡಿ ಸುಟ್ಟ ದಿನ ನನಗೆ ರೊಟ್ಟಿ ಹೆಚ್ಚು ಸೇರುತ್ತಿತ್ತು.

ಆಮೇಲೆ ರೇಖಾಳ ಅಪ್ಪ ಕಲಬುರಗಿಯಿಂದ ಎರಡನೇ ಭಾಗ ತಂದ. ಅದರಲ್ಲಿ ಇಬ್ಬರೂ ಒಂದೇ ಗಾಡಿ ಏರಬೇಕು. ಒಬ್ಬರು ಓಡಿಸುವುದು, ಇನ್ನೊಬ್ಬರು ಗುಂಡು ಹಾರಿಸುವುದು. ಓಡಿಸುವುದು ನನ್ನ ಪಾಲಿಗೆ ಬಂತು. ಬಲಕ್ಕೆ ತಿರುಗಲು ಹೇಳು ಅಂತ ಕಾಶೀಬಾಯಿ ರೇಖಾಗೆ ಹೇಳಿ, ರೇಖಾ ನನಗೆ ಹೇಳುವಷ್ಟರಲ್ಲಿ ಗಾಡಿ ಬೂದಿ. ದಿನಾ ಸೋತೆವು. ಕಡೆಗೊಂದು ದಿನ ಆಕೆಗೆ ತಡೆಯಲಾಗಲಿಲ್ಲ.

"ಬಲಕ್ಕ ತಿರುಗ್ರಿ ಅಕ್ಕಾ, ಕಣ್ಣ ಹೋಗ್ಯಾವೇನ್ರಿ?"

"ಕಾಣಸ್ತದ. ನೀ ಗುಂಡ್ ಹೊಡಿ ಬೇ, ಬಾಯಿ ಮಾಡಬ್ಯಾಡ" ಅಂದೆ.

ಅವತ್ತು ಗೆದ್ದೆವು. ಅಲ್ಲಿಂದ ಟಿವಿ ಹತ್ತಿದರೆ ಮಾತು, ಆರಿದರೆ ಮತ್ತೆ ರೇಖಾಳ ಬಾಯಿ. ಎಡಕ್ಕ, ಬಲಕ್ಕ, ಹೊಡಿ, ಅಷ್ಟೇ. ಆಕೆಯ ಗಂಡ ತೀರಿಕೊಂಡ ವರ್ಷವೂ ನಮ್ಮ ನಡುವೆ ಅಷ್ಟೇ. ಬೇರೆ ಮಾತು ಎಂದಾದರೂ ಆಡಿದರಾಯಿತು ಅಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಆಕೆಗೆ ಲಕ್ವಾ ಹೊಡೆದು ಮಾತು ನಿಂತಿತು. ಆಕೆಯ ಮಗಳು ತನ್ನೂರು ಇಜೇರಿಗೆ ಕರೆದೊಯ್ದಿದ್ದಳು. ನಿನ್ನೆ ತಂದು ಬಿಟ್ಟು ಹೋದಳು. ಅದಕ್ಕೇ ಹುಡುಗಿ ಡಬ್ಬಿ ಹೊರಗೆ ತೆಗೆದದ್ದು. ಕಾಶೀಬಾಯಿಗೆ ಎಡಗೈ ಆಡುತ್ತದೆ, ಗುಂಡಿ ಒತ್ತುತ್ತಾಳೆ. ಕೂತು ಆಡಿದೆವು. ಎತ್ತ ತಿರುಗಬೇಕೆಂದು ಹೇಳುವವರಿಲ್ಲದೆ ಗಾಡಿ ಬೇಗ ಸುಟ್ಟುಹೋಯಿತು.

ನಾನೇ ಎದ್ದು ಟಿವಿ ಆರಿಸಿದೆ. ರೇಖಾಳನ್ನು ನಡುವೆ ತರದೆ ಕೇಳಿದೆ.

"ಕಾಶೀ, ಚಹಾ ಕುಡೀತಿ ಏನ್?"

ಆಕೆ ನನ್ನ ಕಡೆ ನೋಡಲಿಲ್ಲ. ರೇಖಾಳ ಕಡೆ ಮುಖ ತಿರುಗಿಸಿ, ಹುಡುಗಿ ಹೇಳಲಿ ಅಂತ ಕಾಯುತ್ತ ಕುಳಿತಳು.