ಒಂದೇ ರಿಂಗಿನ ಲತಾಮಣಿ

ಸುದ್ದಗುಂಟೆಪಾಳ್ಯದಲ್ಲಿ ಬ್ಲೌಸ್ ಹೊಲಿಯುವ ಲತಾಮಣಿ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವುದಿಲ್ಲ. ಬ್ಲೌಸ್ ಆಯಿತೆಂದರೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾಳೆ. ಅವರು ಎತ್ತುವುದಿಲ್ಲ, ನೇರ ಅಂಗಡಿಗೆ ಬರುತ್ತಾರೆ. ಕರೆಗೆ ಕಾಸು ಬೀಳುತ್ತಿದ್ದ ಕಾಲದಲ್ಲಿ ಶುರುವಾದ ಪದ್ಧತಿ, ಈಗಲೂ ಬಿಟ್ಟಿಲ್ಲ. ಮಾತಿಗಿಳಿದರೆ ಹೆಂಗಸರು ಫಾಲ್, ಪೀಕೋದಿಂದ ಶುರುಮಾಡಿ ಸೊಸೆಯ ತನಕ ಹೋಗುತ್ತಾರೆ, ಮಷಿನ್ ಸುಮ್ಮನೆ ನಿಂತಿರುತ್ತದೆ ಎಂದು ಅವಳ ವಾದ. ಪಕ್ಕದಲ್ಲೇ ಫ್ಯಾನ್ಸಿ ಸ್ಟೋರ್ ಇಟ್ಟಿರುವ ನಾನು ಇದನ್ನು ಅಲ್ಲಗಳೆಯಲಾರೆ. ಆ ಹೆಂಗಸರಲ್ಲಿ ನಾನೂ ಒಬ್ಬಳು.

ಹೋದ ಶ್ರಾವಣದಲ್ಲಿ ಅವಳ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಎತ್ತಿದರೆ ಎಲ್ಲೆಲ್ಲಿಯದೋ ಊರಿನ ಜನ. ಬೆಳಿಗ್ಗೆ ಬ್ಯಾಂಕಿನವಳು ಅಂತ ಹೇಳಿ ಓಟಿಪಿ ಕೇಳಿದ್ದು ನೀನೇ ಅಲ್ಲವಾ ಎಂದು ಬೈಗುಳ. ನಾನು ಟೈಲರ್, ಯಾರಿಗೂ ಫೋನ್ ಮಾಡಿಲ್ಲ ಎಂದು ಲತಾಮಣಿ ಸಮಾಧಾನವಾಗಿಯೇ ಹೇಳಿದಳು. ಯಾರು ನಂಬುತ್ತಾರೆ? ದಾವಣಗೆರೆಯ ಒಬ್ಬಾಕೆ ಕಳ್ಳಿ ಎಂದಳಂತೆ. ಅವತ್ತು ಲತಾಮಣಿ ಊಟದ ಡಬ್ಬಿಯನ್ನೇ ತೆರೆಯಲಿಲ್ಲ.

ನಾನೇ ಅವಳನ್ನು ಸೈಬರ್ ಠಾಣೆಗೆ ಎಳೆದುಕೊಂಡು ಹೋದೆ. ಅಲ್ಲಿದ್ದ ಮಹಿಳಾ ಪೊಲೀಸ್ ದೂರು ಬರೆದುಕೊಂಡು, ಬಿಡಿಸಿ ಹೇಳಿದರು. ಮೋಸಗಾರರು ಎಲ್ಲಿಂದಲೋ ಕಂಪ್ಯೂಟರಿನಿಂದ ಕರೆ ಮಾಡುತ್ತಾರೆ. ಎದುರಿನವರ ಫೋನಿನಲ್ಲಿ ಇವಳ ನಂಬರ್ ಕಾಣುವ ಹಾಗೆ ಮಾಡುತ್ತಾರೆ. ಇವಳ ಫೋನಿಗೆ ಏನೂ ಆಗಿಲ್ಲ. ಸ್ವಲ್ಪ ದಿನಕ್ಕೆ ಅವರು ಬೇರೆ ನಂಬರ್ ಹಿಡಿಯುತ್ತಾರೆ.

ಲತಾಮಣಿಗೆ ನೆಮ್ಮದಿಯಾಗಲಿಲ್ಲ.

"ಬೈಯೋರು ಬೈಕೊಳ್ಲಿ ಅಕ್ಕ. ನನ್ನ ಗಿರಾಕಿಗಳಿಗೇ ಫೋನ್ ಹೋದ್ರೆ? ನನ್ನ ನಂಬರ್ ಅಂತ ನಂಬಿ ಯಾರಾದ್ರೂ ಮೋಸ ಹೋದ್ರೆ ಏನ್ ಮಾಡ್ಲಿ?"

ಇಷ್ಟು ವರ್ಷ ಬೋರ್ಡಿನ ಮೇಲಿದ್ದ ನಂಬರನ್ನೇ ಬಿಟ್ಟುಬಿಡುವುದೆಂದು ನಿರ್ಧರಿಸಿದಳು. ಹೊಸ ಸಿಮ್ ತಂದಳು. ಬೋರ್ಡ್ ಬರೆಯುವ ಸೋಮನಾಥನನ್ನು ಕರೆಸಿದಳು. ಹಬ್ಬದ ಬ್ಲೌಸುಗಳು ರಾಶಿ ಬಿದ್ದಿದ್ದವು, ಹಳೇ ನಂಬರ್ ಹೋದರೆ ಎಷ್ಟು ಜನ ದಿಕ್ಕು ತಪ್ಪುತ್ತಾರೋ ಎಂದು ನಾನು ಗೊಣಗಿದ್ದು ಗಾಳಿಗೆ ಹೋಯಿತು.

ಸೋಮನಾಥ ಏಣಿ ಹತ್ತಿ ಹಳೇ ನಂಬರಿಗೆ ಬಣ್ಣ ಬಳಿಯಬೇಕು, ಅಷ್ಟರಲ್ಲಿ ಪಾರ್ವತಮ್ಮ ಬಂದರು. ಮೊದಲು ನಮ್ಮ ಬೀದಿಯಲ್ಲೇ ಇದ್ದು ಈಗ ಪುಟ್ಟೇನಹಳ್ಳಿ ಸೇರಿರುವ ಮುದುಕಿ. ಬಸ್ಸಿನಲ್ಲಿ ನಿಂತೇ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ಕೂತವರೇ ಬ್ಲೌಸಿಗೆ ಕೈ ಚಾಚಿದರು. ಅದನ್ನಿನ್ನೂ ಕತ್ತರಿಸಿಯೇ ಇಲ್ಲ ಎಂದಳು ಲತಾಮಣಿ.

"ಮತ್ತೆ ನಿನ್ನ ನಂಬರಿಂದ ಫೋನ್ ಬಂತಲ್ಲೇ. ಬಡ್ಕೊಂಡಿದ್ದೇ ಬಡ್ಕೊಂಡಿದ್ದು. ಇವತ್ತೇನು ಇವಳಿಗೆ ಇಷ್ಟು ಅವಸರ ಅನ್ಕೊಂಡು ಓಡಿ ಬಂದೆ."

ಲತಾಮಣಿಯ ಮುಖ ಬಿಳಿಚಿಕೊಂಡಿತು. ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದ ನಾನೂ ನೆಟ್ಟಗೆ ಕೂತೆ.

"ಅಮ್ಮ, ಫೋನ್ ಎತ್ತಿದ್ರಾ ನೀವು?"

"ನಿನ್ನ ಫೋನು ಯಾರಾದ್ರೂ ಎತ್ತುತಾರೇನೇ?"

ಲತಾಮಣಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಂದ ದಾರಿಗೆ ಸುಂಕವಿಲ್ಲದೆ ಕಳಿಸುವುದು ಬೇಡವೆಂದು ಪಾರ್ವತಮ್ಮನಿಗೆ ಕಾಫಿ ತರಿಸಿ, ಅವರ ಬಟ್ಟೆ ಹುಡುಕಿ ಕತ್ತರಿಗೆ ಕೈ ಹಾಕಿದಳು. ಆಮೇಲೆ ಹೊರಗೆ ಬಂದು, ನಂಬರ್ ಹಾಗೇ ಇರಲಿ, ಕೆಳಗೆ ಇನ್ನೊಂದು ಸಾಲು ಬರಿ ಎಂದು ಸೋಮನಾಥನಿಗೆ ಹೇಳಿದಳು.

ಆ ಸಾಲು ಈಗಲೂ ಇದೆ: "ಬ್ಲೌಸ್ ಆದರೆ ಒಂದೇ ರಿಂಗ್. ಮಾತಾಡಿದರೆ ನಾನಲ್ಲ."