ಒಂಬತ್ತು ಗುಳಿಗೆ, ಒಂದೇ ಊಟ

1979ನೇ ಇಸವಿಯ ಮಾತು. ಆ ವರ್ಷ ಶ್ರಾವಣ ಮಾಸವೂ ರಂಜಾನ್ ತಿಂಗಳೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ನನಗಾಗ ಮೂವತ್ನಾಲ್ಕು ವರ್ಷ. ಖಾನಾಪುರದ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಅದಕ್ಕೂ ಮೂರು ವರ್ಷ ಮೊದಲೇ ಕೀಲುವಾತ ನನಗೆ ಗಂಟುಬಿದ್ದಿತ್ತು. ಬೆಳಗ್ಗೆ ಏಳುವಾಗ ಬೆರಳುಗಳು ಮಡಚುತ್ತಿರಲಿಲ್ಲ, ಚಾಚುತ್ತಲೂ ಇರಲಿಲ್ಲ. ಲಿಂಗಪೂಜೆಗೆ ಕುಳಿತರೆ ಎಡ ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದು ನಾಲ್ಕು ಸಾಲು ಬರೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು.

ನಾಟಿ ಔಷಧವೆಲ್ಲ ಮುಗಿದು, ಆ ವರ್ಷದ ಯುಗಾದಿಯಿಂದ ಬೆಳಗಾವಿಯ ಡಾಕ್ಟರೊಬ್ಬರ ಔಷಧ ನಡೆದಿತ್ತು. ದಿನಕ್ಕೆ ಒಂಬತ್ತು ಗುಳಿಗೆ. ನೋವಿನ ದೊಡ್ಡ ಬಿಳಿ ಗುಳಿಗೆ ಎರಡೆರಡರಂತೆ ಮೂರು ಹೊತ್ತು, ಬೆಳಗ್ಗೆ ಸಣ್ಣದೊಂದು, ರಾತ್ರಿ ಕಹಿಯದೊಂದು, ಜೊತೆಗೆ ವಿಟಮಿನ್ನಿನದು ಒಂದು. "ಊಟಾದ ಮ್ಯಾಲೇ ತಗೋಬೇಕ್ರಿ. ಖಾಲಿ ಹೊಟ್ಟ್ಯಾಗ ಒಂದೂ ಬ್ಯಾಡ" ಎಂದು ಅವರು ಪ್ರತಿ ಸಲವೂ ಎಚ್ಚರಿಸುತ್ತಿದ್ದರು.

ಇತ್ತ ನಮ್ಮ ಅತ್ತೆಯವರು ನನ್ನ ಸಲುವಾಗಿ ಹರಕೆ ಹೊತ್ತಿದ್ದರು. ಮೂರು ಶ್ರಾವಣ ನಾನು ಒಪ್ಪತ್ತು ಮಾಡಬೇಕು, ಅಂದರೆ ತಿಂಗಳಿಡೀ ದಿನಕ್ಕೆ ಒಂದೇ ಊಟ. ಹಾಗೆ ಮಾಡಿದರೆ ಕೈಕಾಲು ಸಡಿಲಾಗುತ್ತವೆ ಎಂಬ ನಂಬಿಕೆ. ಅದು ಮೂರನೆಯ ಶ್ರಾವಣ. ಡಾಕ್ಟರಿಗೆ ತಿಳಿಸಿದರೆ ಬಿಡು ಎನ್ನುತ್ತಾರೆ, ಬಿಟ್ಟರೆ ಹಿಂದಿನ ಎರಡು ವರ್ಷದ ವ್ರತವೂ ವ್ಯರ್ಥವೆಂದು ನಾನು ಬಾಯಿ ಬಿಡಲಿಲ್ಲ.

ಬದಲಿಗೆ ನಾನೇ ಒಂದು ದಾರಿ ಹುಡುಕಿದೆ. ಗುಳಿಗೆ ನುಂಗುವುದು ಊಟವಾದ ಮೇಲೆ, ಊಟ ದಿನಕ್ಕೆ ಒಂದು. ಅಂದಮೇಲೆ ಒಂಬತ್ತನ್ನೂ ಆ ಒಂದು ಊಟದ ಮೇಲೆ ನುಂಗಿದರಾಯಿತು! ಒಂದನ್ನೂ ತಪ್ಪಿಸಲಿಲ್ಲ ಎಂಬ ಹೆಮ್ಮೆ ಬೇರೆ. ಮಕ್ಕಳಿಗೆ ಗಣಿತ ಕಲಿಸುವವಳ ಬುದ್ಧಿ ನೋಡಿ.

ವಾರ ಕಳೆಯುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಮಕ್ಕಳು ಮಗ್ಗಿ ಹೇಳುವುದು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಹೊಟ್ಟೆಯಲ್ಲಿ ಉರಿ. ಆಮೇಲೆ ಎರಡು ದಿನ ಮಲ ಡಾಂಬರಿನ ಹಾಗೆ ಕಪ್ಪಗಾಯಿತು. ವ್ರತದ ನಿತ್ರಾಣವಿರಬೇಕು ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ಡಾಕ್ಟರಿಗೆ ತೋರಿಸುವ ದಿನ ಬಂತು. ಒಬ್ಬಳೇ ಬಸ್ ಹತ್ತಿ ಬೆಳಗಾವಿಗೆ ಹೋದೆ. ರವಿವಾರ ಪೇಟೆಯ ಹತ್ತಿರ ಅವರ ದವಾಖಾನೆ. ಅಂದು ವಿಪರೀತ ಜನ. ಮೂರು ಗಂಟೆಯಾದರೂ ನನ್ನ ಪಾಳಿ ಬರಲಿಲ್ಲ. ಒಪ್ಪತ್ತಿನ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ತಿನ್ನಲೆಂದು ಹಿಂಬದಿಯ ಕಟ್ಟೆಗೆ ಹೋದರೆ, ಬುರ್ಖಾ ತೊಟ್ಟ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಗೋಡೆಗೆ ಮುಖ ಮಾಡಿ ಬಾಳೆಹಣ್ಣು ತಿನ್ನುತ್ತಿದ್ದರು. ನನ್ನನ್ನು ಕಂಡು ಬೆಚ್ಚಿಬಿದ್ದರು.

"ಯಾರಿಗೂ ಹೇಳಬ್ಯಾಡ್ರಿ ತಾಯಿ. ಈ ಸಲ ರೋಜಾ ಉಪಾಸ ಬ್ಯಾಡ ಅಂತ ಡಾಕ್ಟರು ಹೇಳ್ಯಾರ. ಬಿಮಾರಿ ಮಂದಿಗೆ ಮಾಫಿ ಐತಿ, ಖರೇ. ಆದ್ರ ಇಷ್ಟ ವರ್ಷ ಒಂದೂ ಬಿಟ್ಟಾಕಿ ಅಲ್ಲ ನಾ. ಹೊರಗ ನಮ್ಮ ಗಲ್ಲಿ ಹೆಣ್ಮಕ್ಕಳು ಕುಂತಾರ. ಅವರ ಮುಂದ ಹೆಂಗ ತಿನ್ನಲಿ?"

ಅವರ ಬೆರಳುಗಳೂ ನನ್ನವುಗಳಂತೆಯೇ ಬಾತು ಸೊಟ್ಟಗಾಗಿದ್ದವು. ಹೆಸರು ಹಲೀಮಾಬಿ ಎಂದರು. ನಾನು ರೊಟ್ಟಿ ತಿಂದು, ಪೊಟ್ಟಣ ಬಿಚ್ಚಿ, ಒಂಬತ್ತೂ ಗುಳಿಗೆಗಳನ್ನು ಅಂಗೈಗೆ ಸುರಿದುಕೊಂಡೆ. ಅವರು ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದರು.

"ಇಷ್ಟೂ ಒಮ್ಮೆಗೇ?"

"ಹೂಂ ರೀ. ನಂದು ಒಪ್ಪತ್ತು ಐತಿ."

"ಯಾ ಅಲ್ಲಾ! ಕಿವ್ಯಾಗ ಗುಂಯ್ ಅಂತೈತೇನು? ನನಗ ಬರೇ ಎರಡ ಗುಳಿಗಿ ಹೆಚ್ಚಾಗಿದ್ದಕ್ಕ ಹಂಗ ಆಗಿತ್ತು. ಮತ್ತೇನಾಗೈತಿ, ಮುಚ್ಚಬ್ಯಾಡ್ರಿ."

ನಾಚಿಕೊಳ್ಳುತ್ತಲೇ ಮಲ ಕಪ್ಪಗಾದ ವಿಷಯ ಹೇಳಿದೆ. ಅವರು ಗುಳಿಗೆಗಳನ್ನು ನನ್ನ ಕೈಯಿಂದ ಕಸಿದುಕೊಂಡು ಎದ್ದೇಬಿಟ್ಟರು. "ಏಳ್ರಿ, ಈಗಿಂದೀಗ ಒಳಗ ಹೋಗೂಣು."

ರಟ್ಟೆ ಹಿಡಿದು ಎಳೆದುಕೊಂಡೇ ಹೊರಟರು. ಜನ ತುಂಬಿದ ಪಡಸಾಲೆಯಲ್ಲಿ ನಾನು ಕಾಲೂರಿ ನಿಂತುಬಿಟ್ಟೆ. ನನಗೆ ಸಿಟ್ಟು ಬಂದಿತ್ತು. ಎಲ್ಲರ ಎದುರಿಗೆ ಕೂಗಿದೆ: "ಡಾಕ್ಟರಿಗೆ ಹೇಳಿದ್ರ ನನ್ನ ವ್ರತ ಮುರೀತೈತ್ರಿ. ವ್ರತ ಬಿಡೂ ಸಂಕಟ ನಿಮಗೇನ್ ಗೊತ್ತು?"

ಹಲೀಮಾಬಿ ಮುಖದ ಮೇಲಿನ ಪರದೆ ಸರಿಸಿ, ಇಡೀ ಪಡಸಾಲೆಗೆ ಕೇಳುವಂತೆ ಹೇಳಿದರು: "ನನಗ ಗೊತ್ತೈತಿ. ಈ ವರ್ಷ ನಾ ಒಂದೂ ರೋಜಾ ಹಿಡಿದಿಲ್ಲ. ಈಗ ಹಿಂದ ಕುಂತು ಬಾಳೆಹಣ್ಣು ತಿಂದು, ಗುಳಿಗಿ ನುಂಗಿ ಬಂದೀನಿ. ಕೇಳಿದ್ರಲ್ಲ ಎಲ್ಲಾರೂ? ಈಗ ನಡೀರಿ ಒಳಗ."

ಬಾಗಿಲ ಪಕ್ಕ ಕುಳಿತಿದ್ದ ಅವರ ಗಲ್ಲಿಯ ಇಬ್ಬರು ಹೆಂಗಸರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ನಾನು ತಲೆ ತಗ್ಗಿಸಿ ಅವರ ಹಿಂದೆ ಹೋದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಎಲ್ಲ ಕೇಳಿದರು, ಮುಖ ಗಂಭೀರವಾಯಿತು. "ಊಟಾದ ಮ್ಯಾಲೆ ಅಂದಿದ್ದೆ. ಒಂದ ಊಟಕ್ಕ ಎಲ್ಲಾ ತಗೋರಿ ಅಂದಿದ್ನೇನ್ರಿ? ಹೊಟ್ಟ್ಯಾಗ ರಕ್ತ ಸೋರಾಕ ಹತ್ತೈತಿ. ಇನ್ನ ನಾಕ್ ದಿನ ಹಿಂಗ ನಡದಿದ್ರ ನೀವು ಬದಕತಿದ್ದಿಲ್ಲ." ಚೀಟಿ ಬರೆಯುತ್ತಾ, "ಒಪ್ಪತ್ತು ಐತಿ ಅಂತ ಒಂದ ಮಾತು ನನಗ ಹೇಳಬಾರದಿತ್ತೇನು?" ಎಂದರು.

ಕೂಡಲೇ ಆಸ್ಪತ್ರೆಗೆ ಸೇರಿಸಿದರು. ಹಲೀಮಾಬಿಯೇ ಖಾನಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಿ, ಸಂಜೆ ನನ್ನ ಯಜಮಾನರು ಬರುವತನಕ ಹಾಸಿಗೆಯ ಪಕ್ಕದಲ್ಲಿ ಕೂತಿದ್ದರು. ಮರುದಿನ ಅತ್ತೆಯವರು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಹರಕಿ ಹೊತ್ತಾಕಿ ನಾನು. ಉಳಿದ ದಿನ ನಾ ಒಪ್ಪತ್ತು ಮಾಡ್ತೀನಿ, ನೀ ಉಣ್ಣವಾ" ಎಂದು ಹಾಲುಗಂಜಿ ಕುಡಿಸಿದರು.

ನನ್ನ ಕೀಲುವಾತ ಹೋಗಲಿಲ್ಲ. ಗುಳಿಗೆಗಳು ಬದಲಾದವು, ಸರಿಯಾಗಿ ತಗೊಂಡೆ, ನಿವೃತ್ತಿಯವರೆಗೂ ಹಲಗೆಯ ಮೇಲೆ ಬರೆದೆ. ಅಂದಿನಿಂದ ಡಾಕ್ಟರಿಗೆ ಏನನ್ನೂ ಮುಚ್ಚಿಟ್ಟಿಲ್ಲ. ಹಲೀಮಾಬಿ ಮಾತ್ರ ಮತ್ತೆ ಸಿಗಲಿಲ್ಲ. ದವಾಖಾನೆಯಲ್ಲಿ ಎಷ್ಟೋ ಸಲ ವಿಚಾರಿಸಿದೆ. ಮೊನ್ನೆ ಬಂದಿದ್ದರು ಅನ್ನುತ್ತಿದ್ದರು, ನಮ್ಮ ದಿನಗಳು ಕೂಡಿಬರಲಿಲ್ಲ.

ಆ ಸಂಜೆ ಅವರು ಮೂರು ತಾಸು ನನ್ನ ಪಕ್ಕದಲ್ಲೇ ಇದ್ದರು. ಗಲ್ಲಿಗೆ ಹೋದಮೇಲೆ ನಿಮ್ಮ ಗತಿಯೇನು ಎಂದು ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ವ್ರತ ಮುರಿಯಿತಲ್ಲ ಎಂದು ಅಳುತ್ತಾ ಮಲಗಿದ್ದೆ. ಅವರು ನನ್ನ ಕಣ್ಣೊರೆಸುತ್ತಿದ್ದರು.