ಅಗ್ವಾಂಡ ಕೂರಿಸಿದ ಪೆಟ್ಟಿಗೆ

ಅಗ್ವಾಂಡನ ಸುದ್ದಿ ನಾನು ಮೊದಲು ಕೇಳಿದ್ದು ಚರ್ಚಿನ ಹೆಂಗಸರ ಜೊತೆ ಕೂತು ಮೀನು ಹಸನು ಮಾಡುತ್ತಿದ್ದ ಒಂದು ಶನಿವಾರ. ಒಬ್ಬ ಗಂಡಸಿದ್ದಾನೆ, ಗಡ್ಡ ನರೆತಿದೆ, ಕಂಡವರ ಮನೆಯಲ್ಲಿ ಮಗುವಿನ ಹಾಗೆ ಅಂಬೆಗಾಲಿಡುತ್ತಾನೆ, ಅದಕ್ಕೆ ಕೂಲಿಯನ್ನೂ ಕೇಳುತ್ತಾನೆ ಅಂತ ಪಕ್ಕದ ಮನೆ ಅಪೋಂಡಿ ಹೇಳಿದಳು. ಎಲ್ಲರೂ ನಕ್ಕೆವು.

ನಕ್ಕ ನಾನೇ ಕೊನೆಗೆ, ಹಾಡಿನ ಪೆಟ್ಟಿಗೆ ಕೂರಿಸುವುದೇ ಅವನ ಕಸುಬು ಅಂತ ತಿಳಿದು, ಅವನನ್ನು ಕರೆಸಬೇಕಾಯಿತು. ಮಗಳು ಅಕುಮು ನನಗೆ ಹಾಡಿನ ಯಂತ್ರ ತಂದುಕೊಟ್ಟಿದ್ದಳು. ಎರಡು ಸ್ಪೀಕರು, ಜೊತೆಗೆ ಗುಂಡುಕಲ್ಲಿನಂಥ ಒಂದು ಸಬ್‌ವೂಫರು, ಅಂದರೆ ದಪ್ಪ ದನಿ ಹೊರಡಿಸುವ ಪೆಟ್ಟಿಗೆ. ನಮ್ಮ ಕಿಸುಮು ಪಟ್ಟಣದಲ್ಲಿ ಎಲ್ಲರೂ ಮಾಡುವಂತೆ ನಾನೂ ಅದನ್ನು ಬಂದವರಿಗೆ ಕಾಣಲಿ ಅಂತ ಗಾಜಿನ ಬೀರುವಿನ ಮೇಲ್ಗೂಡಿನಲ್ಲಿ, ನಾನೇ ಹೆಣೆದ ನೀಲಿ ದಾರದ ಬಟ್ಟೆ ಹಾಸಿ ಇಟ್ಟೆ. ಹಾಡು ಹಾಕಿದರೆ ಕಪ್ಪು ಬಸಿಗಳೆಲ್ಲ ನಡುಗುತ್ತಿದ್ದವು. ನನಗೆ ಬೇಕಾದ್ದು ಮಾತ್ರ ಕೇಳುತ್ತಿರಲಿಲ್ಲ.

ಬೇಕಾಗಿದ್ದು ನನ್ನ ಗಂಡ ಓಚೋಲ. ಮೇಳದಲ್ಲಿ ದಪ್ಪ ತಂತಿಯ ಗಿಟಾರು ನುಡಿಸುತ್ತಿದ್ದ. ಅವನ ಕೈ ಉಳಿದಿರುವುದು ರೆಕಾರ್ಡಾದ ಒಂದೇ ಒಂದು ಹಾಡಿನಲ್ಲಿ. ಬದುಕಿದ್ದಾಗ, ನಿನ್ನ ತಂತಿ ಯಾರ ಕಿವಿಗೆ ಬೀಳುತ್ತೆ ಅಂತ ಹಂಗಿಸುತ್ತಿದ್ದೆ. ಹೋದ ಮೇಲೆ ಹನ್ನೊಂದು ವರ್ಷ ಸಣ್ಣ ರೇಡಿಯೋಗೆ ಕಿವಿಯಾನಿಸಿ ಆ ತಂತಿಯ ದನಿ ಹುಡುಕಿದೆ. ಸಿಗಲಿಲ್ಲ.

ಅಗ್ವಾಂಡ ಬಂದ. ವಿಚಾರಿಸಿದರೆ ನನ್ನ ತವರಿನ ಕುಲದವನೇ, ಅವತ್ತಿನಿಂದ ನಾನು ಅವನಿಗೆ ಅತ್ತೆ. ಬೀರುವಿನ ಕಡೆ ನೋಡಿ ನಿಟ್ಟುಸಿರಿಟ್ಟು ಪೆಟ್ಟಿಗೆ ಇಳಿಸಿದ. ನೇರ ತಗೊಂಡು ಹೋಗಿ ಓಚೋಲನ ಕುರ್ಚಿಯ ಮೇಲಿಟ್ಟ. ಆ ಕುರ್ಚಿಯಲ್ಲಿ ಗಂಡ ಹೋದ ಮೇಲೆ ಯಾರೂ ಕೂತಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಹಾಡು ಹಾಕಿ, ಮಂಡಿಯೂರಿ, ಗೋಡೆಯುದ್ದಕ್ಕೂ ನೆಲಕ್ಕೆ ಅಂಗೈ ಒತ್ತುತ್ತಾ ಹೊರಟ. ಕೇಳುವವರು ಕೂರುವ ಜಾಗದಲ್ಲಿ ಪೆಟ್ಟಿಗೆ ಇಟ್ಟು, ದನಿ ಎಲ್ಲಿ ತುಂಬಿ ಬರುತ್ತೆ ಅಂತ ಹುಡುಕಬೇಕು, ಆಮೇಲೆ ಪೆಟ್ಟಿಗೆಯನ್ನು ಅಲ್ಲಿಗೆ ತರಬೇಕು, ಅದು ಅವನ ಲೆಕ್ಕ. ನೀರಿನ ಗಡಿಗೆಯ ಹತ್ತಿರ ನಿಂತ. ಗಡಿಗೆ ಸರಿಸಿ, ಪೆಟ್ಟಿಗೆಯನ್ನು ಬರೀ ನೆಲಕ್ಕೆ ಕೂರಿಸಿ, ತಂತಿ ಸಿಕ್ಕಿಸಿ, ನನ್ನನ್ನು ಕುರ್ಚಿಗೆ ಕಳಿಸಿದ.

ಕೂತೆ. ಟೊಳ್ಳು ಡಬ್ಬಿಯಂಥ ಸದ್ದು. ಅವನೋ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಎಷ್ಟು ಗಟ್ಟಿಯಾಗಿದೆ ನೋಡತ್ತೆ ಅಂತ ನಗುತ್ತಿದ್ದ. ಇಲ್ಲವಲ್ಲೋ ಅಂದೆ. ಆಗಲೇ ಬೆನ್ನು ತಿರುಗಿಸಿದ್ದ. ಅವನ ಹೆಸರು ಹಿಡಿದು ಕೂಗಿದೆ. ತಿರುಗಲಿಲ್ಲ.

ಎದ್ದು ಹೋಗಿ ಮುಂದೆ ನಿಂತೆ. ನನ್ನ ಮುಖ ನೋಡಿದ್ದೇ ಅವನ ನಗು ಆರಿತು. ಇಪ್ಪತ್ತು ವರ್ಷ ನಮ್ಮ ಕಡೆಯ ಸಾವಿನ ಮನೆಗಳಲ್ಲಿ ಬೆಳ್ಳಂಬೆಳಗಿನ ತನಕ ಹಾಡು ಮೊಳಗಿಸುವ ದೊಡ್ಡ ಪೆಟ್ಟಿಗೆಗಳ ಪಕ್ಕ ನಿಂತವನು. ಒಂದು ಕಿವಿ ಹೋಗಿತ್ತು, ಇನ್ನೊಂದು ಹೋಗುತ್ತಿತ್ತು. ತುಟಿ ನೋಡಿ ಮಾತು ಹಿಡಿಯುತ್ತಿದ್ದ.

"ಯಾರಿಗೂ ಹೇಳ್ಬೇಡ ಅತ್ತೆ. ಕಿವುಡನ್ನ ಈ ಕೆಲಸಕ್ಕೆ ಯಾರು ಕರೀತಾರೆ?"

ಪೆಟ್ಟಿಗೆಗೆ ಸಿಕ್ಕಿಸಿದ್ದ ಕೆಂಪು ತಂತಿ ಕರಿಯದರ ಜಾಗದಲ್ಲಿತ್ತು. ಹಾಗಾದರೆ ಸ್ಪೀಕರು ತಳ್ಳುವ ಗಾಳಿಯನ್ನು ಪೆಟ್ಟಿಗೆ ಎಳೆಯುತ್ತದಂತೆ. ಮುಟ್ಟಿದ ಕೈಗೆ ಗುದ್ದುತ್ತೆ, ಕೂತವರಿಗೆ ಏನೂ ಉಳಿಯುವುದಿಲ್ಲ. ಅದಲುಬದಲು ಮಾಡಿದ. ಮತ್ತೆ ಕೂತೆ. ಅಂಗಾಲಿನಿಂದ ಹತ್ತಿ ಬಂತು, ಓಚೋಲನ ದಪ್ಪ ತಂತಿ, ಅದೇ ಸೋಮಾರಿ ನಡಿಗೆ. ನಾನು ಅತ್ತದ್ದು ಅವನ ಕಣ್ಣಿಗೆ ಬಿತ್ತು. ಸರಿಯಾಯ್ತು ಅನ್ನು ಹಾಗಾದ್ರೆ ಅಂದ.

ಆಮೇಲೆ ಏಳು ವರ್ಷ, ಅವನು ಕೆಲಸಕ್ಕೆ ಹೋದ ಮನೆಗಳಿಗೆಲ್ಲ ಜೊತೆಗೆ ಹೋದೆ. ಚಹಾದ ಆಸೆಗೆ ಅತ್ತೆ ಬರ್ತಾಳೆ ಅಂತ ಜನ ಆಡಿಕೊಂಡರು, ಆಡಿಕೊಳ್ಳಲಿ. ಯಜಮಾನನ ಕುರ್ಚಿಯಲ್ಲಿ ನಾನು ಕೂರುವುದು. ದನಿ ತುಂಬಿದ್ದರೆ ಚೀಲ ತೊಡೆಯ ಮೇಲೆ, ಟೊಳ್ಳಾದರೆ ಚೀಲ ನೆಲಕ್ಕೆ. ಅವನು ಚೀಲ ನೋಡಿ ತಂತಿ ಬದಲಿಸುತ್ತಿದ್ದ. ಒಬ್ಬ ನಿವೃತ್ತ ಮೇಷ್ಟ್ರಂತೂ ಪೆಟ್ಟಿಗೆಯನ್ನು ಬೀರುವಿನಿಂದ ಇಳಿಸಲು ಒಪ್ಪಲೇ ಇಲ್ಲ, ಇಷ್ಟು ಬೆಲೆಯದ್ದು ಚಪ್ಪಲಿ ಪಕ್ಕ ಇಡೋದಾ ಅಂತ ಜಗಳಕ್ಕೆ ನಿಂತರು.

"ಗುರುಗಳೇ, ನೀರ್ಗುದುರೆನ ಮರಕ್ಕೆ ಹತ್ತಿಸಿದ್ರೆ ಅದು ಹಾಡುತ್ತಾ?" ಅಂದ ಅಗ್ವಾಂಡ. ಮೇಷ್ಟ್ರು ತಾವೇ ಇಳಿಸಿಕೊಟ್ಟರು.

ಹೋದ ಮಳೆಗಾಲ ಅವನ ಕಾಲು ಬಾತವು. ತನ್ನ ಹಳ್ಳಿಗೆ ಹೋಗಿ ಮಲಗಿದ. ಒಣಮೀನು ಕಟ್ಟಿಕೊಂಡು ನೋಡಲು ಹೋದೆ. ಕೊನೆಯ ಕಿವಿಯೂ ಅಷ್ಟರಲ್ಲಿ ಹೋಗಿತ್ತು, ನನ್ನ ತುಟಿ ನೋಡಲೂ ಆಯಾಸ. ಮಂಚದಿಂದ ಕೈ ಇಳಿಬಿಟ್ಟು ಅಂಗೈಯನ್ನು ನೆಲಕ್ಕೆ ಒತ್ತಿಕೊಂಡಿದ್ದ.

ಗುಟ್ಟು ಭದ್ರವಾಗಿದೆ ಅಂತ ಬೆರಳು ತುಟಿಗಿಟ್ಟು ತೋರಿಸಿದೆ. ಬೇಡ ಅಂತ ತಲೆ ಅಲ್ಲಾಡಿಸಿದ.

"ಇನ್ನು ಸಾಕತ್ತೆ. ನನ್ನನ್ನ ಮಣ್ಣಿಗಿಡೋ ದಿನ ಮಾತಾಡೋಕೆ ಎಲ್ಲರ ಕೈಗೂ ಮೈಕು ಕೊಡ್ತಾರಲ್ಲ, ಆಗ ಹೇಳ್ಬಿಡು. ನಿಮ್ಮ ಮನೆ ಪೆಟ್ಟಿಗೆಗಳನ್ನೆಲ್ಲ ಕೂರಿಸಿದ್ದು ಒಬ್ಬ ಕಿವುಡ ಅಂತ. ಆಮೇಲೆ ಯಾರು ಪೆಟ್ಟಿಗೆ ಜರುಗಿಸ್ತಾರೋ ನೋಡೋಣ." ಉಸಿರು ತಗೊಂಡ. "ಮಾತಾಡೋಕೆ ಮುಂಚೆ ಒಂದ್ಸಲ ಸುಮ್ನೆ ಕೂತು ಅಲ್ಲಿನ ಪೆಟ್ಟಿಗೆ ದನಿ ಕೇಳು. ಟೊಳ್ಳಾಗಿದ್ರೆ ಚೀಲ ನೆಲಕ್ಕಿಡು."